ಕುಳಿಯ ಲೆಕ್ಕ, ಹೊಡೆತದ ಲೆಕ್ಕ

ಗಾಲ್ಫ್ ಕೋಲನ್ನು ನಾನು ಒಂದು ದಿನವೂ ಮುಟ್ಟಿದವನಲ್ಲ. ಆದರೂ ಅಮೆರಿಕದ ವೃತ್ತಿ ಆಟಗಾರರ ಪಿ.ಜಿ.ಎ. ಚಾಂಪಿಯನ್‌ಷಿಪ್ಪಿನ ಹಳೆಯ ಕಥೆಯನ್ನು ಓದುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದು ಆಟದ ಕಥೆಗಿಂತ ಹೆಚ್ಚಾಗಿ ಲೆಕ್ಕದ ಕಥೆ.

1916ರಲ್ಲಿ ಹುಟ್ಟಿದಾಗಿನಿಂದ 1957ರವರೆಗೆ ಅದು ಜೋಡಿ ಕಾಳಗ. ಇಬ್ಬರು ಎದುರುಬದುರು, ಒಂದೊಂದು ಕುಳಿಗೂ ಒಂದೊಂದು ತೀರ್ಪು. ಎದುರಾಳಿ ನಾಲ್ಕು ಹೊಡೆತಕ್ಕೆ ಚೆಂಡನ್ನು ಕುಳಿಗಿಳಿಸಿದ ಎನ್ನಿ. ನಿಮಗೆ ಐದು ಬೇಕಾದರೂ ಸೋಲು ಒಂದು ಕುಳಿಯದು. ಮರಳಿನಲ್ಲಿ ಹೂತು ಹತ್ತು ಬೇಕಾದರೂ ಒಂದೇ ಕುಳಿಯದು. 1958ರಿಂದ ಬಂದದ್ದು ಹೊಡೆತದ ಲೆಕ್ಕ: ನಾಲ್ಕು ದಿನ, 72 ಕುಳಿ, ಹೊಡೆದದ್ದನ್ನೆಲ್ಲ ಕೂಡಿಸು. ಹೆಸರಾಂತವರು ಮೊದಲ ಸುತ್ತಿನಲ್ಲೇ ಸೋತು ಊರಿಗೆ ಹೊರಟರೆ ಟೆಲಿವಿಷನ್ನಿನವರು ಯಾರನ್ನು ತೋರಿಸಬೇಕು?

ಹಳೆಯದೆಲ್ಲ ಕರುಣೆಯೆಂದು ನಾನು ಹೇಳುವುದಿಲ್ಲ. 1946 ಮತ್ತು 1948ರಲ್ಲಿ ಗೆದ್ದ ಬೆನ್ ಹೋಗನ್, 1949ರಲ್ಲಿ ಕಾರಿಗೆ ಬಸ್ಸು ಬಡಿದು ಕಾಲು ಜಖಂಗೊಂಡ ಮೇಲೆ, ದಿನಕ್ಕೆ 36 ಕುಳಿ ನಡೆಸುತ್ತಿದ್ದ ಆ ಕಾಳಗದತ್ತ ಮತ್ತೆ ಸುಳಿಯಲಿಲ್ಲ.

ಕೊನೆಯ ಕಾಳಗ 1957ರಲ್ಲಿ, ಒಹಾಯೊದ ಡೇಟನ್ನಿನಲ್ಲಿ. ಗೆದ್ದವನು ಲಯನಲ್ ಎಬೇರ್; ಸೋತವನು ಡೌ ಫಿನ್‌ಸ್ಟರ್‌ವಾಲ್ಡ್. ಮರುವರ್ಷ ಹೊಸ ಲೆಕ್ಕದಲ್ಲಿ ಗೆದ್ದವನು ಅದೇ ಫಿನ್‌ಸ್ಟರ್‌ವಾಲ್ಡ್! 1960ರಲ್ಲಿ ಲಯನಲ್‌ನ ಅಣ್ಣ ಜೇ ಗೆದ್ದ. ತಮ್ಮನಿಗೆ ಕುಳಿಯ ಲೆಕ್ಕ ಒಲಿಯಿತು, ಅಣ್ಣನಿಗೆ ಹೊಡೆತದ ಲೆಕ್ಕ.

ಇಲ್ಲಿಗೆ ಬಂದಾಗಲೆಲ್ಲ ನನ್ನ ಓದು ನಿಲ್ಲುತ್ತದೆ. ನನಗೂ ಒಬ್ಬ ತಮ್ಮನಿದ್ದಾನೆ. ಮನೆ ಪಾಲಾದ ದಿನ ಅವನಾಡಿದ ಒಂದು ಮಾತು, ಅದಕ್ಕೆ ಮೊದಲಿನ ಹತ್ತು ಮಾತು, ನನ್ನ ಮಗಳ ಮದುವೆಗೆ ತಡವಾಗಿ ಬಂದದ್ದು, ಎಲ್ಲವನ್ನೂ ನಾನು ಕೂಡಿಸುತ್ತಲೇ ಬಂದೆ. ಅವನೋ, ರಾತ್ರಿ ಜಗಳವಾಡಿ ಬೆಳಿಗ್ಗೆ “ಅಣ್ಣಾ, ಕಾಫಿ ಆಯ್ತಾ?” ಎನ್ನುವ ಪೈಕಿ. ನಾಲ್ಕಾರು ಸಲ ಕೇಳಿ, ಉತ್ತರ ಸಿಗದೆ ಅವನೂ ಸುಮ್ಮನಾದ. ಹನ್ನೊಂದು ವರ್ಷದ ಮೊತ್ತ ನನ್ನ ಬಳಿ ಚೊಕ್ಕವಾಗಿದೆ. ಗೆದ್ದವನು ನಾನೇ ಇರಬೇಕು. ಕೇಳಲು ಎದುರಿಗೆ ಯಾರೂ ಇಲ್ಲ.

ಜೋಡಿ ಕಾಳಗದಲ್ಲಿ ಹಾಗಾಗುವಂತಿಲ್ಲ. ಎದುರಾಳಿ ಕೊನೆಯವರೆಗೂ ಜೊತೆಯಲ್ಲೇ ನಡೆಯಬೇಕು; ಮುಗಿದ ಮೇಲೆ ಕೈ ಕುಲುಕಬೇಕು.

ನಿನ್ನೆ ತಮ್ಮನಿಗೆ ಒಂದು ಕಾರ್ಡು ಬರೆದೆ: ಯುಗಾದಿಗೆ ಬಾ, ಎಂದಷ್ಟೇ. ಕೆಳಗೆ ಜಾಗ ಉಳಿದಿತ್ತು. ಹಳೆಯದೊಂದನ್ನು ನೆನಪಿಸೋಣವೆಂದು ಪೆನ್ನು ಎತ್ತಿದೆ. ಬೇಡವೆನ್ನಿಸಿ ಹಾಗೆಯೇ ಅಂಚೆಗೆ ಹಾಕಿಬಂದೆ.