ಕೈಗೆ ತಕ್ಕ ಚಕ್ರ

ಮಾಲೂರು ಅಂದ್ರೆ ಹೆಂಚು, ಇಟ್ಟಿಗೆ. ನಮ್ಮ ಕಡೆ ಕುಂಟೆಬಿಲ್ಲೆ ಆಡೋ ಮಕ್ಕಳಿಗೆ ಬಿಲ್ಲೆ ಅಂದ್ರೆ ಒಡೆದ ಹೆಂಚಿನ ಚೂರು. ಹತ್ತು ಚೂರು ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಅಂಚನ್ನು ಕಲ್ಲಿಗೆ ಉಜ್ಜಿ, ಕೈಗೆ ಸರಿಹೋಗೋದನ್ನೇ ಇಟ್ಟುಕೊಳ್ತಾರೆ. ಇಷ್ಟು ಬುದ್ಧಿ ಇರೋ ಮಕ್ಕಳು ಹೈಸ್ಕೂಲಿಗೆ ಬಂದು ಡಿಸ್ಕಸ್ ಹಿಡಿದಾಗ ಮಾತ್ರ ಆರಿಸೋ ಮಾತೇ ಇಲ್ಲ. ಎಷ್ಟೋ ಸ್ಕೂಲುಗಳಲ್ಲಿ ಇರೋದೇ ಒಂದು. ಎಲ್ಲರೂ ಅದನ್ನೇ ಎಸೀಬೇಕು!

ನಮ್ಮಕ್ಕನ ಮಗಳು ಮುಳಬಾಗಿಲಲ್ಲಿ ಒಂಬತ್ತನೇ ಕ್ಲಾಸು. ಒಂದಿನ ಫೋನ್ ಮಾಡಿ, "ಮಾವ, ನಂಗೆ ಡಿಸ್ಕಸ್ ಬರಲ್ಲ, ಬಿಟ್ಟುಬಿಡ್ತೀನಿ" ಅಂದ್ಲು. ಭಾನುವಾರ ಹೋಗಿ ನೋಡಿದ್ರೆ ಅವಳ ಕೈಯಲ್ಲಿದ್ದದ್ದು ಹುಡುಗರ ಒಂದೂವರೆ ಕೆಜಿ ಚಕ್ರ. ಬೆರಳ ತುದಿ ಅಂಚಿಗೆ ಸಿಗ್ತಾನೇ ಇರಲಿಲ್ಲ. ಬರದೇ ಇದ್ದದ್ದು ಹುಡುಗಿಗಲ್ಲ ಕಣ್ರೀ...

ಹೆಂಗಸರ ಚಕ್ರ 1 ಕೆಜಿ, ಅಗಲ ಸುಮಾರು 18 ಸೆಂ.ಮೀ. ಗಂಡಸರದ್ದು 2 ಕೆಜಿ, ಸುಮಾರು 22 ಸೆಂ.ಮೀ. 18ರೊಳಗಿನ ಹುಡುಗರಿಗೆ ಒಂದೂವರೆ ಕೆಜಿ. ಇದು ಗೊತ್ತಾದ ಮೇಲೆ ಅಂಗಡಿಗೆ ಹೋದ್ವಿ. ಅಲ್ಲಿ ಇನ್ನೊಂದು ತಮಾಷೆ. ಎಲ್ಲವೂ ಒಂದೇ ಕೆಜಿ, ಬೆಲೆ ಮಾತ್ರ ಬೇರೆ ಬೇರೆ. ವ್ಯತ್ಯಾಸ ಇರೋದು ತೂಕ ಎಲ್ಲಿ ಕೂತಿದೆ ಅನ್ನೋದರಲ್ಲಿ. ದುಬಾರಿ ಚಕ್ರದಲ್ಲಿ ಹೆಚ್ಚಿನ ತೂಕ ಲೋಹದ ಅಂಚಿನಲ್ಲೇ ಇರುತ್ತೆ. ಒಮ್ಮೆ ಜೋರಾಗಿ ತಿರುಗಿತೋ, ಆ ಸುತ್ತು ಬೇಗ ಸಾಯಲ್ಲ, ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತೆ. ಆದ್ರೆ ಹಾಗೆ ತಿರುಗಿಸೋಕೆ ಪಳಗಿದ ಕೈ ಬೇಕು. ಹೊಸಬರು ಬಿಟ್ಟರೆ ಅದು ಒದ್ದಾಡ್ಕೊಂಡು ಹೋಗಿ ದೊಪ್ಪನೆ ಬೀಳುತ್ತೆ. ಅಂಚು ಹಗುರ ಇರೋ ಮರದ ಚಕ್ರ, ರಬ್ಬರ್ ಚಕ್ರ ಸುಲಭವಾಗಿ ಸುತ್ತುತ್ತೆ, ಸಣ್ಣಪುಟ್ಟ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳುತ್ತೆ.

ತಟ್ಟೆ ಎಸೆದು ಸರಪಳಿ ಬುಟ್ಟಿಗೆ ಬೀಳಿಸೋ ಡಿಸ್ಕ್ ಗಾಲ್ಫ್‌ನಲ್ಲೂ ಇದೇ ಕಥೆ. ದೂರದ ಆಸೆಗೆ ಹೊಸಬರು 'ಡ್ರೈವರ್' ಕೊಳ್ತಾರೆ. ಕೈಯಲ್ಲಿ ಅಷ್ಟು ವೇಗ ಇರಲ್ಲ. ಬಲಗೈಯವರ ಬ್ಯಾಕ್‌ಹ್ಯಾಂಡ್ ಎಸೆತ ಬೇಗನೆ ಎಡಕ್ಕೆ ವಾಲಿ ನೆಲ ಕಚ್ಚುತ್ತೆ. ನಿಧಾನಗತಿಯ 'ಪಟರ್' ಅದೇ ಕೈಯಲ್ಲಿ ನೆಟ್ಟಗೆ ಹೋಗುತ್ತೆ.

ನಮ್ಮ ಹುಡುಗಿಗೆ ದುಬಾರಿದೇ ಬೇಕಿತ್ತು ಅನ್ನಿ. ಮೈಸೂರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2012ರಲ್ಲಿ 66.28 ಮೀಟರ್ ಎಸೆದದ್ದು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಚಿನ್ನ ಗೆದ್ದದ್ದು ಅವಳಿಗೆ ಬಾಯಿಪಾಠ. "ಅವರೇನು ಮರದ್ದು ಹಿಡೀತಿದ್ರಾ?" ಅಂದ್ಲು. ಅವರ ಕೈ ಅವರದ್ದು, ನಿನ್ನ ಕೈ ನಿಂದು ಅಂದೆ. ಚಿಕ್ಕ ಚಕ್ರ ಅಂತ ಮುಖ ಸಣ್ಣ ಮಾಡಿದ್ದಕ್ಕೆ ಇನ್ನೊಂದು ಲೆಕ್ಕವನ್ನೂ ಹೇಳಿದೆ. 2025ರಲ್ಲಿ ಲಿಥುವೇನಿಯಾದ ಅಲೆಕ್ನಾ 2 ಕೆಜಿ ಚಕ್ರ ಎಸೆದು ಮಾಡಿದ ವಿಶ್ವದಾಖಲೆ 75.56 ಮೀಟರ್. 1988ರಲ್ಲೇ ಪೂರ್ವ ಜರ್ಮನಿಯ ಗೇಬ್ರಿಯೆಲ್ ರೈನ್ಷ್ 1 ಕೆಜಿ ಚಕ್ರವನ್ನ 76.80 ಮೀಟರ್ ಎಸೆದಿದ್ದರು! ಹುಡುಗಿ ನಕ್ಕು ಮರದ್ದೇ ತಗೊಂಡ್ಲು :)

ತಾಲ್ಲೂಕು ಮಟ್ಟದಲ್ಲಿ ನಾಲ್ಕನೆಯವಳಾದ್ಲು. ಕೋಲಾರದ ಜಿಲ್ಲಾ ಕೂಟಕ್ಕೆ ಹೋಗೋ ಆಸೆ ಮುಂದಿನ ವರ್ಷಕ್ಕೆ. ಆದ್ರೆ ಎಸೆದ ಮೂರೂ ಗೆರೆಯೊಳಗೆ ಬಿದ್ದವು, ಮೂರೂ ಒದ್ದಾಡದೆ ಹಾರಿದವು. ಬಿಟ್ಟುಬಿಡ್ತೀನಿ ಅನ್ನೋ ಮಾತು ಆಮೇಲೆ ಬಂದಿಲ್ಲ.

ಶ್ರೀನಿವಾಸಪುರದಲ್ಲೋ ಮಾಲೂರಲ್ಲೋ ನಿಮಗೆ ಗೊತ್ತಿರೋ ಸ್ಕೂಲು ಇದ್ರೆ, ಆಟದ ಸಾಮಾನಿನ ಕೋಣೆಗೆ ಒಮ್ಮೆ ಹೋಗಿ ಬನ್ನಿ. ಇರೋ ಚಕ್ರ ಎಷ್ಟು ಕೆಜಿ ಅಂತ ನೋಡಿ. ಅಂಚಿಗೆ ಬೆರಳ ಕೊನೆಯ ಗೆಣ್ಣು ಸಿಗದೆ ಕಷ್ಟಪಡ್ತಿರೋ ಒಂದು ಮಗು ಅಲ್ಲಿ ಖಂಡಿತ ಇರುತ್ತೆ.