ಹಿತ್ತಿಲಿನ ಕೆರೆ

ನಮ್ಮ ಊರು ಕಡಬ. ದಕ್ಷಿಣ ಕನ್ನಡದಲ್ಲಿಯೂ ಈ ಹೆಸರಿನ ಊರೊಂದಿದೆ. ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ್ದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಇಲ್ಲಿ ಉದ್ದನೆಯ ಏರಿಯೊಂದಕ್ಕೆ ಒರಗಿ ಕೆರೆಯಾಗಿ ನಿಲ್ಲುತ್ತದೆ. ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನೇ ಈ ಕೆರೆಯನ್ನು ಕಟ್ಟಿಸಿದನೆಂದು ಹಿರಿಯರು ಹೇಳುವುದುಂಟು. ಇಂತಹ ಕೆರೆಯಿರುವ ಊರಿನಲ್ಲಿ ಹುಟ್ಟಿದವನೊಬ್ಬ ತನ್ನ ಹಿತ್ತಿಲಿನಲ್ಲಿ ಇನ್ನೊಂದು ಕೆರೆಯನ್ನು ಕಟ್ಟಹೊರಟರೆ ಜನ ನಗದಿರುತ್ತಾರೆಯೆ? ನಕ್ಕರು. ನಗದಿದ್ದವರು ನನ್ನ ತಾಯಿಯೊಬ್ಬರೇ. ಅವರಿಗೆ ಕೋಪ ಬಂದಿತ್ತು.

2018ರಲ್ಲಿ ನಾನು ನೌಕರಿಯಿಂದ ನಿವೃತ್ತನಾಗಿ ಊರಿಗೆ ಮರಳಿದೆ. ಮನೆಯ ಹಿಂದೆ ಅಂಗೈಯಗಲದ ಹಿತ್ತಿಲು. ಬೇಸಗೆ ಬಂತೆಂದರೆ ಕೊಳವೆ ಬಾವಿಯ ನೀರು ಕಿರುಬೆರಳ ಗಾತ್ರಕ್ಕೆ ಇಳಿಯುತ್ತಿತ್ತು. ತಾಯಿಯವರು ಹಾಕಿದ ಸೊಪ್ಪಿನ ಮಡಿಗಳು ಯುಗಾದಿಗೆ ಮೊದಲೇ ಒಣಗುತ್ತಿದ್ದವು. ಆಗ ನನ್ನ ಕಿವಿಗೆ ಬಿದ್ದ ಹೊಸ ಹೆಸರು ಅಕ್ವಾಪೋನಿಕ್ಸ್. ಹೆಸರು ದೊಡ್ಡದಾದರೂ ವಿಷಯ ಸರಳವಾದುದು. ಒಂದು ತೊಟ್ಟಿಯಲ್ಲಿ ಮೀನುಗಳನ್ನು ಸಾಕುವುದು. ಆ ನೀರನ್ನು ಜಲ್ಲಿಕಲ್ಲು ತುಂಬಿದ ಪಾತಿಗೆ ಹಾಯಿಸಿ, ಮಣ್ಣಿಲ್ಲದೆ ಗಿಡ ಬೆಳೆಯುವುದು. ಗಿಡಗಳು ತಿಳಿಗೊಳಿಸಿದ ನೀರನ್ನು ಮತ್ತೆ ಮೀನುಗಳಿಗೆ ಕೊಡುವುದು. ನೀರು ಇದ್ದಲ್ಲಿಯೇ ಸುತ್ತುತ್ತಿರುವುದರಿಂದ ಆವಿಯಾಗಿ ಹೋದಷ್ಟನ್ನು ಮತ್ತು ಗಿಡ ಕುಡಿದಷ್ಟನ್ನು ತುಂಬಿದರೆ ಸಾಕು.

ಈ ಉಪಾಯ ಮನುಷ್ಯನಿಗೆ ಹೊಸದೇನೂ ಅಲ್ಲ. ಚೀನಾದ ರೈತರು ಬತ್ತದ ಗದ್ದೆಯಲ್ಲಿಯೇ ಮೀನು ಸಾಕುತ್ತ ಬಂದವರು. ಮೆಕ್ಸಿಕೋ ದೇಶದ ಅಜ್ಟೆಕ್ ಜನರು ಸರೋವರದ ನಡುವೆ ಕೆಸರನ್ನು ಪೇರಿಸಿ ತೋಟಗಳನ್ನೇ ಮಾಡಿದ್ದರು. ಅಷ್ಟು ದೂರ ಏಕೆ? ನಾನು ಹುಡುಗನಾಗಿದ್ದಾಗ ಬೇಸಗೆಯಲ್ಲಿ ಗಾಡಿಗಳು ಸಾಲಾಗಿ ಕೆರೆಯಂಗಳಕ್ಕೆ ಇಳಿದು ಗೋಡು ತುಂಬಿಕೊಂಡು ಹೊಲಗಳಿಗೆ ಹೋಗುತ್ತಿದ್ದುದನ್ನು ಕಂಡಿದ್ದೇನೆ. ಆ ಕಪ್ಪು ಗೋಡಿನಲ್ಲಿ ಮೀನಿನ, ಕಪ್ಪೆಯ, ಕೊಳೆತ ಎಲೆಯ ಸಾರವೆಲ್ಲ ಇರುತ್ತಿತ್ತು.

ಐನೂರು ಲೀಟರಿನ ಸಿಮೆಂಟಿನ ತೊಟ್ಟಿಯೊಂದನ್ನು ತರಿಸಿದೆ. ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ ಎರಡು ಪಾತಿ ಮಾಡಿಕೊಂಡೆ. ಜಲ್ಲಿಯಲ್ಲಿ ಸುಣ್ಣದ ಅಂಶವಿದ್ದರೆ ನೀರು ಕೆಡುತ್ತದೆಯೆಂದು ಓದಿದ್ದುದರಿಂದ ಒಂದೊಂದು ಹಿಡಿಯ ಮೇಲೂ ನಿಂಬೆರಸ ಹಿಂಡಿ ನೊರೆ ಬರುವುದೇ ಎಂದು ಪರೀಕ್ಷಿಸಿದೆ. ಜಲ್ಲಿ ತಂದ ಗಾಡಿಯವನು ಇದನ್ನು ನೋಡಿ, ಉಪ್ಪಿನಕಾಯಿ ಹಾಕುತ್ತೀರಾ ಸ್ವಾಮಿ, ಎಂದು ಕೇಳಿದನು.

ಪಾತಿಯ ನೀರು ತಾನಾಗಿ ತುಂಬಿ ತಾನಾಗಿ ಬರಿದಾಗಲು ಸೈಫನ್ ಬೇಕು. ಇದೇ ಶಿಂಷೆಗೆ ಅಡ್ಡಲಾಗಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟಿದೆ. ನೀರು ಮಿತಿ ಮೀರಿದೊಡನೆ ಯಾರೂ ಬಾಗಿಲು ಎತ್ತದೆಯೇ ಹೊರಕ್ಕೆ ಹಾಯಿಸುವ ಸೈಫನ್ನುಗಳು ಅಲ್ಲಿವೆ. ಅದೇ ತತ್ವ ನನ್ನ ಪಾತಿಯಲ್ಲಿಯೂ. ನಿಂತಿರುವ ಒಂದು ಕೊಳವೆ. ಅದರ ಮೇಲೆ ತಲೆ ಮುಚ್ಚಿದ, ಬುಡದಲ್ಲಿ ಕಚ್ಚುಗಳಿರುವ ದಪ್ಪ ಕೊಳವೆ. ನೀರು ಒಳಗಿನ ಕೊಳವೆಯ ಬಾಯಿಗೆ ಏರಿ ಧುಮುಕಿದಾಗ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಅನಂತರ ಬುಡದ ಕಚ್ಚುಗಳಿಗೆ ಗಾಳಿ ಸಿಗುವವರೆಗೂ ಪಾತಿಯ ನೀರೆಲ್ಲ ಸರಸರನೆ ತೊಟ್ಟಿಗೆ ಇಳಿಯುತ್ತದೆ. ನೀರು ಇಳಿದ ಜಾಗಕ್ಕೆ ಗಾಳಿ ಬಂದು ಬೇರುಗಳು ಉಸಿರಾಡುತ್ತವೆ. ಮೊದಲ ಸಲ ಅದು ಗುಳುಗುಳು ಸದ್ದು ಮಾಡಿದಾಗ ನಾನು ಒಬ್ಬನೇ ಚಪ್ಪಾಳೆ ತಟ್ಟಿದೆನೆಂದು ಹೇಳಲು ನಾಚಿಕೆಯಿಲ್ಲ.

ಮೀನಿನ ಮಾತು ಬಂದಾಗ ತಾಯಿಯವರು ಅಡ್ಡ ನಿಂತರು. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. "ತಿನ್ನುವವರಾದರೂ ಹೊಟ್ಟೆಗಾಗಿ ಹಿಡಿಯುತ್ತಾರೆ. ನೀನು ಸೊಪ್ಪಿನ ಆಸೆಗೆ ಅವನ್ನು ಸೆರೆಯಲ್ಲಿ ಇಡುತ್ತೀಯಾ?" ಎಂದರು. ನಾನು ವಿಜ್ಞಾನ ಹೇಳಿದೆ. ಅವರು ಒಳಗೆ ಹೋದರು.

ಮರುದಿನವೇ ನೂರು ಗೆಂಡೆ ಮರಿಗಳನ್ನು ತಂದು ತೊಟ್ಟಿಗೆ ಬಿಟ್ಟೆ. ಕಡಲೆಕಾಯಿ ಹಿಂಡಿ, ಅಕ್ಕಿಯ ತೌಡು ಕಲಸಿ ದಿನಕ್ಕೆ ಮೂರು ಹೊತ್ತು ಹಿಡಿ ಹಿಡಿಯಾಗಿ ಉಣಿಸಿದೆ. ಐದನೆಯ ದಿನ ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಆರನೆಯ ಬೆಳಿಗ್ಗೆ ಇಪ್ಪತ್ತು ತೇಲುತ್ತಿದ್ದವು. ವಾರ ಕಳೆಯುವುದರೊಳಗೆ ಒಂದೂ ಉಳಿಯಲಿಲ್ಲ.

ತಾಯಿಯವರು ನನ್ನನ್ನು ಬಯ್ಯಲಿಲ್ಲ. ಅವನ್ನು ಮೊರದಲ್ಲಿ ತೆಗೆದುಕೊಂಡು ಹೋಗಿ ತೆಂಗಿನ ಬುಡದಲ್ಲಿ ಹೂಳಿದರು. ಆಮೇಲೆ ಮೂರು ದಿನ ಹಿತ್ತಿಲಿನ ಕಡೆಗೇ ಬರಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ತುಮಕೂರಿನ ಬಣ್ಣದ ಮೀನಿನ ಅಂಗಡಿಯೊಂದರಿಂದ ನೀರಿನ ಪರೀಕ್ಷೆಯ ಔಷಧಿ ತಂದೆ. ಹನಿ ಬಿದ್ದಾಗ ಹಳದಿಯಾಗಿ ನಿಲ್ಲಬೇಕಾದ ನೀರು ಗಾಢವಾದ ಹಸುರಾಯಿತು. ಅಮೋನಿಯ! ಮೀನು ಕಿವಿರುಗಳ ಮೂಲಕವೇ ಅದನ್ನು ಹೊರಹಾಕುತ್ತದೆ. ತಿಂದುಳಿದ ಹಿಂಡಿ ಕೊಳೆತರೂ ಅದೇ ಹುಟ್ಟುತ್ತದೆ. ನಮ್ಮ ಕೊಳವೆ ಬಾವಿಯ ನೀರಿನಂತೆ ಕ್ಷಾರಗುಣ ಹೆಚ್ಚಿರುವ ನೀರಿನಲ್ಲಿ ಅದು ಇನ್ನೂ ಉಗ್ರವಾದ ವಿಷ. ಅದನ್ನು ಗಿಡಕ್ಕೆ ಆಹಾರವಾಗಿಸುವವು ಕಣ್ಣಿಗೆ ಕಾಣದ ಜೀವಾಣುಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇವುಗಳ ಬದುಕನ್ನು ಬಯಲಿಗೆ ತಂದನು. ಇವು ಜಲ್ಲಿಯ ಮೈಗೆ ಅಂಟಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇದೆಲ್ಲವೂ ವಿವರವಾಗಿದೆ. ನಾನು ಅಳತೆಗಳ ಪುಟವನ್ನು ಓದಿ, ಕಾಯಬೇಕೆಂದು ಹೇಳುವ ಪುಟಗಳನ್ನು ಹಾರಿಸಿದ್ದೆ.

ಆ ರಾತ್ರಿ ತಾಯಿಯವರು ಅಡಿಗೆಮನೆಯಲ್ಲಿ ಹಾಲು ಆರಿಸುತ್ತಿದ್ದಾಗ ಇದನ್ನೆಲ್ಲ ತಪ್ಪೊಪ್ಪಿಗೆಯಂತೆ ಹೇಳಿದೆ. ಅವರು ಹಾಲಿಗೆ ಚಮಚೆಯಷ್ಟು ಮೊಸರು ಬಿಟ್ಟು, "ಹಾಗಾದರೆ ನಿನ್ನ ತೊಟ್ಟಿಗೆ ಹೆಪ್ಪು ಹಾಕಿದ್ದೆಯಾ?" ಎಂದು ಕೇಳಿದರು.

ಹಾಕಿರಲಿಲ್ಲ.

ಮರುದಿನ ಕೆರೆಯಲ್ಲಿ ಬಲೆ ಬೀಸುವ ಹಿರಿಯರೊಬ್ಬರು ತೂಬಿನ ಬಳಿಯ ಲೋಳೆಗಟ್ಟಿದ ಕಲ್ಲುಗಳನ್ನು ಒಂದು ಬುಟ್ಟಿ ತಂದುಕೊಟ್ಟರು. ಹಾಗೆ ತಂದ ಕಲ್ಲಿನೊಡನೆ ಮೀನಿನ ರೋಗಗಳೂ ಬರಬಹುದು. ಆದರೆ ಆಗ ತೊಟ್ಟಿಯಲ್ಲಿ ಮೀನೇ ಇರಲಿಲ್ಲ. ಅವನ್ನು ಜಲ್ಲಿಯ ನಡುವೆ ಹುದುಗಿಸಿದೆ. ಜೀವಾಣುಗಳಿಗೆ ಅಮೋನಿಯವೇ ಊಟವಾದ್ದರಿಂದ ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಹಿಂಡಿ ಹಾಕಿದೆ. ನೆರೆಮನೆಯವರಿಗೆ ನಗಲು ಇನ್ನೊಂದು ಕಾರಣ ಸಿಕ್ಕಿತು. ಮೂರನೆಯ ವಾರ ಅಮೋನಿಯ ಇಳಿಯಿತು, ನೈಟ್ರೈಟ್ ಏರಿತು. ಬೆಳಿಗ್ಗೆ ಹನಿ ಹಾಕಿ ಬಣ್ಣ ನೋಡುವುದು ತಾಯಿಯವರಿಗೂ ಅಭ್ಯಾಸವಾಯಿತು. "ಇನ್ನೂ ಹೆಪ್ಪುಗಟ್ಟಿಲ್ಲ" ಎಂದು ಅವರೇ ತೀರ್ಪು ಕೊಡುತ್ತಿದ್ದರು. ಆರನೆಯ ವಾರ ಎರಡೂ ಇಲ್ಲವಾದವು. ಈ ಸಲ ತಂದದ್ದು ಇಪ್ಪತ್ತೇ ಮರಿ.

ದಂಟು, ಪುದೀನ, ಮೆಂತ್ಯ ಸೊಗಸಾಗಿ ಬಂದವು. ಟೊಮೇಟೊ ಗಿಡದ ಎಳೆಯ ಎಲೆಗಳು ಮಾತ್ರ ನರ ಹಸುರಾಗಿಯೇ ಇದ್ದು ಉಳಿದ ಭಾಗ ಹಳದಿಯಾದವು. ಅದು ಕಬ್ಬಿಣದ ಕೊರತೆ, ಮೀನಿನ ನೀರಿನಲ್ಲಿ ಅದು ಸಾಲದು. ತೊಟ್ಟಿಗೆ ದಿನಕ್ಕೆ ಒಂದೆರಡು ಕೊಡ ನೀರು ಸಾಕಾಯಿತು. ಬೆಳೆದ ಮೀನುಗಳನ್ನು ಏನು ಮಾಡುವಿರೆಂದು ನೀವು ಕೇಳಬಹುದು. ಬಲೆಯ ಹಿರಿಯರಿಗೆ ಒಪ್ಪಿಸುವುದೆಂದು ನಮ್ಮಲ್ಲಿ ಮಾತಾಗಿತ್ತು. ತಾಯಿಯವರು ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಮಳೆಗಾಲದ ಒಂದು ರಾತ್ರಿ ಗಾಳಿಗೆ ಕಂಬ ಉರುಳಿ ವಿದ್ಯುತ್ತು ಹೋಯಿತು. ಪಂಪು ನಿಂತರೆ ನೀರಿನಲ್ಲಿ ಪ್ರಾಣವಾಯು ತೀರುತ್ತದೆಯೆಂಬುದು ನನಗೆ ಗೊತ್ತು. ಆದರೆ ನಾನು ಗಾಢನಿದ್ರೆಯಲ್ಲಿದ್ದೆ. ನಸುಕಿನಲ್ಲಿ ಹಿತ್ತಿಲಿನಿಂದ ಜಳಜಳ ಸದ್ದು ಕೇಳಿ ಎದ್ದು ಹೋದೆ. ಎಂಬತ್ತು ದಾಟಿದ ತಾಯಿ ತೊಟ್ಟಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಚೆಂಬಿನಲ್ಲಿ ನೀರು ಮೊಗೆದು, ಕೈಯೆತ್ತಿ ಮೇಲಿನಿಂದ ಸುರಿಯುತ್ತಿದ್ದರು. ಸೆರಗು ತೊಯ್ದುಹೋಗಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ.

"ನಿಂತು ನೋಡಬೇಡ. ಒಳಗಿನಿಂದ ಇನ್ನೊಂದು ಚೆಂಬು ತೆಗೆದುಕೊಂಡು ಬಾ" ಎಂದರು.