ರಕ್ತದೊಳಗಿನ ಪಾಠಭೇದ

ನಮ್ಮ ಮನೆಯಲ್ಲಿಯೇ ಇರುವ ನನ್ನ ತಂಗಿಗೆ ಸ್ತನದ ಕ್ಯಾನ್ಸರ್ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯೂ ಅದರ ಬಳಿಕ ಮೂರು ವಾರ ಕಿರಣಚಿಕಿತ್ಸೆಯೂ ನಡೆದು ಈಗ ನಾಲ್ಕು ವರ್ಷ ಸಂದುವು. ರೋಗವು ಮರಳಲಿಲ್ಲ, ಅದು ದೈವಾನುಗ್ರಹ. ಆದರೆ ಎರಡನೆಯ ವರ್ಷದಿಂದ, ಕಿರಣ ಬಿದ್ದೆಡೆಯ ಮಾಂಸವು ಮೆಲ್ಲಮೆಲ್ಲನೆ ಬಿಗಿದು ಗಟ್ಟಿಯಾಗತೊಡಗಿತು. ಇಂತಹ ಮಾತನ್ನು ಅಣ್ಣನ ಮುಂದೆ ಆಡುವ ರೂಢಿ ನಮ್ಮಲ್ಲಿಲ್ಲ. ಅತ್ತಿಗೆಯೊಡನೆ ಅವಳು ಹೇಳಿಕೊಂಡುದು ನನಗೆ ತಿಳಿದುಬಂದಿತು. ನಾನು ಕಣ್ಣಾರೆ ಕಂಡುದು ಇಷ್ಟೇ: ಮೇಲಿನ ಗೂಡಿನಲ್ಲಿರುವ ಮೆಣಸಿನ ಪುಡಿಯ ಡಬ್ಬಿಯನ್ನು ತೆಗೆಯಲು ಅವಳ ಎಡಗೈ ಏಳದು. ಅದೇ ಯಂತ್ರದ ಕೆಳಗೆ ಅಷ್ಟೇ ದಿನ ಮಲಗಿ ಬಂದ ಇನ್ನೊಬ್ಬಾಕೆಗೆ ಇದಾವ ತೊಂದರೆಯೂ ಇಲ್ಲವಂತೆ.

ಇಲ್ಲಿ ನಾನೊಂದು ತಪ್ಪು ಮಾಡಿದೆನು. "ಮಗಳ ಬಾಣಂತನದ ಗಡಿಬಿಡಿಯಲ್ಲಿ ವ್ಯಾಯಾಮವನ್ನು ಬಿಟ್ಟೆ, ಅದಕ್ಕೇ ಹೀಗಾಯಿತು" ಎಂದುಬಿಟ್ಟೆನು. ಅವಳು ಮರುಮಾತಾಡಲಿಲ್ಲ.

ಆಮೇಲೆ ಈ ವಿಷಯವನ್ನು ಓದತೊಡಗಿದೆನು. ಗಾಯವಾದಾಗ ದೇಹವು ಕೊಲಾಜನ್ ಎಂಬ ನಾರಿನಂತಹ ವಸ್ತುವನ್ನು ನೇಯ್ದು ಅದನ್ನು ಮುಚ್ಚುವುದಷ್ಟೆ. ಆ ಕೆಲಸಕ್ಕೆ ಅಪ್ಪಣೆ ಕೊಡುವ ವಸ್ತುಗಳಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಮುಖ್ಯವಾದುದು. ಕಿರಣ ತಗುಲಿದೆಡೆಯಲ್ಲಿ ಈ ಅಪ್ಪಣೆಯು ನಿಲ್ಲಬೇಕಾದಾಗ ನಿಲ್ಲದೆ, ಗಾಯವಿಲ್ಲದಿದ್ದರೂ ನೇಯ್ಗೆ ಮುಂದುವರಿಯುತ್ತದೆ. ಆ ಪ್ರೋಟೀನಿಗೆ ಮೂಲವಾದ ಜೀನಿನಲ್ಲಿ ಕೆಲವೆಡೆ ಒಂದಕ್ಷರವು ಮನುಷ್ಯರಿಂದ ಮನುಷ್ಯರಿಗೆ ಬೇರೆಯಾಗಿರುವುದುಂಟು, ಓಲೆಯ ಪ್ರತಿಗಳಲ್ಲಿ ಪಾಠಭೇದವಿರುವ ಹಾಗೆ. 2003ರಲ್ಲಿ ಡೆನ್ಮಾರ್ಕ್ ದೇಶದ ಆರ್ಹುಸ್ ನಗರದ ಪಂಡಿತರು, ಸ್ತನವನ್ನು ತೆಗೆಸಿಕೊಂಡು ಕಿರಣಚಿಕಿತ್ಸೆ ಪಡೆದಿದ್ದ 41 ಮಂದಿ ಸ್ತ್ರೀಯರನ್ನು ಪರೀಕ್ಷಿಸಿ, ಇಂತಿಂತಹ ಪಾಠವುಳ್ಳವರಲ್ಲಿ ಮಾಂಸವು ಹೆಚ್ಚಾಗಿ ಗಟ್ಟಿಯಾಗುವುದೆಂದು ಪ್ರಕಟಿಸಿದರು.

ಇದನ್ನೋದಿ ನನಗಾದ ಸಂತೋಷವನ್ನು ಹೇಳಲಾರೆ. ನೇರವಾಗಿ ಅಡಿಗೆಮನೆಗೆ ಹೋಗಿ, "ನಿನ್ನ ತಪ್ಪೇನೂ ಇಲ್ಲವಮ್ಮ; ಹುಟ್ಟುವಾಗಲೇ ಬಂದ ಅಕ್ಷರವಿದು" ಎಂದೆನು. ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. ಪಕ್ಕದಲ್ಲಿದ್ದ ಅವಳ ಮಗಳು, "ಹಾಗಾದರೆ ಮಾವ, ನನ್ನ ರಕ್ತವನ್ನೂ ಈಗಲೇ ನೋಡಿಸಿಡಲೇ?" ಎಂದು ಕೇಳಿದಳು.

ಈ ಪ್ರಶ್ನೆಯು ನನ್ನನ್ನು ಮತ್ತೆ ಓದಲು ಕೂಡಿಸಿತು. ಪಾಠಶಾಲೆಯಲ್ಲಿ ನಮ್ಮ ಗುರುಗಳು ತರ್ಕವನ್ನು ಹೇಳಿಕೊಡುವಾಗ, ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ವ್ಯಾಪ್ತಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬುದು ವ್ಯಾಪ್ತಿಯಲ್ಲ ಎನ್ನುತ್ತಿದ್ದರು. ನಲವತ್ತು ಅಡಿಗೆಮನೆಗಳನ್ನು ನೋಡಿದವನಿಗೆ ಎರಡನೆಯದೂ ದಿಟವೆಂದೇ ತೋರುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಕಂಡಾಗ ಅದು ಮುರಿದುಬೀಳುತ್ತದೆ. ಇಲ್ಲಿ ಆದುದೂ ಅದೇ. ಮೊದಲು ಪ್ರಕಟಿಸಿದ ಆರ್ಹುಸಿನವರೇ 2006ರಲ್ಲಿ 120 ಮಂದಿಯನ್ನು ಪರೀಕ್ಷಿಸಿ, ಹಿಂದೆ ಕಂಡುದು ಈಗ ಕಾಣಲಿಲ್ಲವೆಂದು ತಾವೇ ಅಚ್ಚುಹಾಕಿಸಿದರು. (ತಮ್ಮ ಮಾತನ್ನು ತಾವೇ ಖಂಡಿಸಿಕೊಂಡ ವ್ಯಾಖ್ಯಾನಕಾರರನ್ನು ನಾನು ಹೆಚ್ಚಾಗಿ ಕಂಡವನಲ್ಲ.) 2012ರಲ್ಲಿ, ಹನ್ನೊಂದು ಗುಂಪುಗಳಿಂದ 2782 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆ ಜೀನಿನ ಹೆಸರಾಂತ ಪಾಠಭೇದಕ್ಕೂ ಈ ಗಟ್ಟಿತನಕ್ಕೂ ಸಂಬಂಧವೇ ಸಿಕ್ಕಲಿಲ್ಲ. ಸಂಖ್ಯಾಶಾಸ್ತ್ರದ ಸಂಬಂಧವು ನಮ್ಮ ವ್ಯಾಪ್ತಿಯಷ್ಟು ಕಟ್ಟುನಿಟ್ಟಾದುದಲ್ಲ, ನಿಜ. ಅಷ್ಟು ಸಡಿಲಿಸಿದರೂ ಅದು ನಿಲ್ಲಲಿಲ್ಲ.

ಹಾಗೆಂದು ಹುಡುಕಾಟವು ವ್ಯರ್ಥವೆನ್ನಲಾಗದು. ಎಟಿಎಂ ಎಂಬ ಮತ್ತೊಂದು ಜೀನಿನ ಎರಡು ಪ್ರತಿಗಳೂ ಕೆಟ್ಟು ಹುಟ್ಟಿದವರು ಕಿರಣವನ್ನು ತಾಳಲಾರರು. ಅದೇ ಜೀನಿನ ಒಂದು ಸಾಮಾನ್ಯ ಪಾಠಭೇದಕ್ಕೂ ಕಿರಣದ ತೊಂದರೆಗೂ ಅಲ್ಪ ಸಂಬಂಧವಿದೆಯೆಂದು 2016ರಲ್ಲಿ 5456 ರೋಗಿಗಳ ವಿವರಗಳಿಂದ ತೋರಿತು. ಆದರೆ ಅದು ಅಲ್ಪವೇ. ಒಬ್ಬಳ ರಕ್ತವನ್ನು ನೋಡಿ ಅವಳ ಮುಂದಿನ ಗತಿಯನ್ನು ಹೇಳುವಷ್ಟು ಅದಕ್ಕೆ ಬಲವಿಲ್ಲ. ಒಟ್ಟು ಕಿರಣವೆಷ್ಟು, ಒಂದೊಂದು ಸಲಕ್ಕೆ ಎಷ್ಟು ಎಂಬುವೇ ಇಂದಿಗೂ ಹೆಚ್ಚು ತೂಕವುಳ್ಳ ಕಾರಣಗಳು. ವ್ಯಾಯಾಮದಿಂದ ಭುಜಕ್ಕೆ ಉಪಕಾರವುಂಟು. ಆದರೆ ಅದನ್ನು ಬಿಟ್ಟುದರಿಂದಲೇ ಮಾಂಸವು ಗಟ್ಟಿಯಾಯಿತೆನ್ನಲು ಅಂದು ನನ್ನಲ್ಲಿ ಪ್ರಮಾಣವೆಲ್ಲಿತ್ತು?

ಕೊಟ್ಟ ಸಮಾಧಾನವನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಎರಡು ದಿನ ಸುಮ್ಮನಿದ್ದೆನು. ಮೂರನೆಯ ದಿನ ತಾಯಿ ಮಗಳಿಬ್ಬರನ್ನೂ ಕೂಡಿಸಿಕೊಂಡು ಎಲ್ಲವನ್ನೂ ಹೇಳಿ, ಮಗಳಿಗೆ, "ಈ ಗಟ್ಟಿತನದ ಸಲುವಾಗಿ ಆ ಪರೀಕ್ಷೆ ಬೇಡ, ಅದರಿಂದ ತಿಳಿಯುವುದೇನೂ ಇಲ್ಲ. ಉಳಿದುದನ್ನು ವೈದ್ಯರು ಹೇಳಿದಂತೆ ನಡೆಸು" ಎಂದೆನು. ವ್ಯಾಯಾಮದ ಮಾತನ್ನೂ ಹಿಂದಕ್ಕೆ ತೆಗೆದುಕೊಂಡೆನು.

ತಂಗಿಯು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ಮೊದಲು ನನ್ನ ತಪ್ಪೆಂದೆ, ಆಮೇಲೆ ಅಕ್ಷರದ ತಪ್ಪೆಂದೆ, ಈಗ ಯಾರದೆಂದು ತಿಳಿಯದು ಎನ್ನುತ್ತೀಯೆ. ಇದೇ ಮೇಲಣ್ಣ" ಎಂದು ಎದ್ದಳು. "ಸಾರು ಕುದಿಯುತ್ತಿದೆ, ಆ ಡಬ್ಬಿಯನ್ನು ಇಳಿಸಿಕೊಡು."

ಇಳಿಸಿಕೊಟ್ಟೆನು. ಅಂದಿನಿಂದ ಅದು ಕೆಳಗಿನ ಗೂಡಿನಲ್ಲಿದೆ.